ಗುಬ್ಬಿ ಪೇಟೆಯ ಜಗಲಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟಿರುವವರು ಅಡಿಕೆ, ಕೊಬ್ಬರಿ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡ ಮನೆತನದವರು. ತಮ್ಮ ಹೆಸರು ಎತ್ತುವುದು ಬೇಡ, ಪೇಟೆಯ ವಿಚಾರ ಮಾತಾಡಿದರೆ ಸಾಕು ಎಂದು ಅವರು ಕೇಳಿಕೊಂಡಿದ್ದಾರೆ. ಆ ಮಾತನ್ನು ನಡೆಸುತ್ತೇನೆ.

ನಾನು ಗುಬ್ಬಿಯವನಲ್ಲ, ಇಲ್ಲಿಂದ ಎರಡು ಹರದಾರಿ ಆಚೆಯ ಹಳ್ಳಿಯವನು. ನಮ್ಮೂರಲ್ಲಿ ಯಾರೂ ಗುಬ್ಬಿಗೆ ಹೋಗುತ್ತೇನೆ ಅನ್ನುತ್ತಿರಲಿಲ್ಲ. ‘ಪ್ಯಾಟೆಗೆ ಹೋಯ್ತೀನಿ’ ಅನ್ನುತ್ತಿದ್ದರು. ಉಪ್ಪು, ಸೀಮೆಎಣ್ಣೆ, ಮದುವೆ ಸೀರೆ, ನೇಗಿಲ ಗುಳ, ಮಗುವಿನ ಔಷಧಿ ಎಲ್ಲವೂ ಅಲ್ಲಿಂದಲೇ ಬರಬೇಕಿತ್ತು. ಹೀಗಾಗಿ ಈ ಪೇಟೆಬೀದಿಯನ್ನು ನಾನು ನೋಡಿದ್ದು ಮನೆಯ ಒಳಗಿಂದ ಅಲ್ಲ, ಗಾಡಿಯ ಮೇಲಿಂದ. ನನ್ನ ಮಾತಿಗೆ ಆ ಮಿತಿ ಇದೆ.

ಮೊದಲ ಸಲ ಬಂದಾಗ ನನಗೆ ಎಂಟು ವರ್ಷ. ಬೇಯಿಸಿ ಒಣಗಿಸಿದ ಅಡಿಕೆಯ ಮೂಟೆಗಳನ್ನು ಹೇರಿಕೊಂಡು ಅಪ್ಪ ಸಂಜೆಯೇ ಗಾಡಿ ಕಟ್ಟಿದ್ದರು. ಪೇಟೆ ತಲುಪುವ ಹೊತ್ತಿಗೆ ಊರು ಮಲಗಿತ್ತು. ಮಂಡಿಯ ಮುಂದೆ ನೊಗ ಇಳಿಸಿ, ಎತ್ತುಗಳಿಗೆ ಹುಲ್ಲು ಹಾಕಿ, ಅಪ್ಪ ಯಾರನ್ನೂ ಕೇಳದೆ ಜಗಲಿ ಹತ್ತಿ ಕಂಬಳಿ ಹಾಸಿದರು. ಯಾರದೋ ಮನೆಯ ಮುಂದೆ ಹೀಗೆ ಮಲಗಬಹುದೇ ಎಂದು ನನಗೆ ದಿಗಿಲು. ಕಲ್ಲು ತಣ್ಣಗಿತ್ತು, ಮರದ ಕಂಬಕ್ಕೆ ಎಷ್ಟೋ ವರ್ಷಗಳ ಬೆನ್ನುಗಳು ಒರಗಿ ನುಣುಪು ಬಂದಿತ್ತು. ಬೆಳಗಿನ ಜಾವ ಒಳಗಿನಿಂದ ಅಗುಳಿ ತೆಗೆದ ಸದ್ದಾಯಿತು. ಸಾಹುಕಾರರು ಚೊಂಬಿನಲ್ಲಿ ನೀರು ಹಿಡಿದು ಬಂದು, ‘ಎದ್ರಾ ಗೌಡ್ರೆ? ಹುಡುಗುನ್ಗೆ ಚಳಿ ಆಯ್ತೇನೋ, ಒಳಗೆ ಕರ್ಕಂಡ್ ಬರ್ಬೇಕಿತ್ತು’ ಅಂದರು. ಅಪ್ಪ, ‘ಇಲ್ಲ ಸಾಹುಕಾರ್ರೆ, ಇಲ್ಲೇ ಗಾಳಿ ಚೆಂದಾಗಿತ್ತು’ ಅಂದರು.

ಆ ಜಗಲಿ ಯಾರದು? ನಾನು ಇವತ್ತು ಕೇಳಬೇಕೆಂದಿರುವ ಪ್ರಶ್ನೆ ಇದೊಂದೇ. ಪತ್ರದಲ್ಲಿ ಅದು ಸಾಹುಕಾರರದು. ರಾತ್ರಿ ನಮ್ಮದು. ಸಂತೆಯ ದಿನ ಅದರ ಒಂದು ತುದಿಯಲ್ಲಿ ವೀಳ್ಯದೆಲೆಯ ಬುಟ್ಟಿ ಇಟ್ಟು ಕೂರುತ್ತಿದ್ದ ಮುದುಕಿಯದು. ಮಳೆ ಬಂದರೆ ಬೀದಿಯಲ್ಲಿ ಹೋಗುತ್ತಿದ್ದ ಎಲ್ಲರದು. ನಾಲ್ಕೈದು ಅಡಿ ಆಳದ ಒಂದು ಪಟ್ಟಿ, ಅಷ್ಟೆ. ಪೇಟೆಬೀದಿಯ ಪರಂಪರೆ ಎಂದಾಗ ಎಲ್ಲರ ಕಣ್ಣೂ ಕೆತ್ತನೆಯ ಬಾಗಿಲಿಗೆ, ಮಹಡಿಯ ಕಟಕಟೆಗೆ ಹೋಗುತ್ತದೆ. ನನ್ನ ಕಣ್ಣು ಈ ಪಟ್ಟಿಯನ್ನು ಬಿಟ್ಟು ಏಳುವುದಿಲ್ಲ. ರಸ್ತೆಗೆ ಅಗಲ ಬೇಕಾದಾಗ ಮೊದಲು ಕೊಡಲಿ ಬೀಳುವುದೂ ಇದಕ್ಕೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ಮಾರುತ್ತದೆ, ಜನ ಹೇಗಿದ್ದಾರೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಕಳಿಸಿದ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಆತ ಅದೇ ವರ್ಷ ಗುಬ್ಬಿಗೂ ಬಂದ. ಅವನ ಪ್ರವಾಸದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗುಬ್ಬಿಯ ಬಗ್ಗೆ ಅವನು ಕೊಡುವ ಲೆಕ್ಕ ಚಿಕ್ಕದು, ಆದರೆ ಓದಿದ ದಿನದಿಂದ ನನ್ನ ತಲೆಯಿಂದ ಇಳಿದಿಲ್ಲ. ಮನೆಗಳು 360. ಅಂಗಡಿಗಳು 154.

ಐದು ಮನೆಗೆ ಎರಡಕ್ಕಿಂತ ಹೆಚ್ಚು ಅಂಗಡಿ. 360 ಮನೆಯ ಊರು ತನ್ನ ಹೊಟ್ಟೆಗೆ ಇಷ್ಟು ಅಂಗಡಿ ಇಡುವುದಿಲ್ಲ. ಇದು ಸುತ್ತಣ ಸೀಮೆಯ ಅಂಗಡಿ. ಒರಟು ಬಟ್ಟೆ, ಕಂಬಳಿ, ಗೋಣಿ, ಅಡಿಕೆ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ರಾಗಿ, ಅಕ್ಕಿ, ಅರಗು, ಕಬ್ಬಿಣ ಇವೆಲ್ಲ ಇಲ್ಲಿ ಕೈ ಬದಲಾಗುತ್ತಿದ್ದವು. ಪಡುವಣ ಘಟ್ಟದ ಕಡೆಗೂ ಮೂಡಣ ಬಯಲಿಗೂ ನಡುವೆ ಸರಕು ನಿಂತು ಸುಧಾರಿಸಿಕೊಳ್ಳುವ ತಾಣ ಇದಾಗಿತ್ತು. ಈ ಅಂಗಡಿಗಳಲ್ಲಿ ದಿನವೂ ತೆರೆಯುತ್ತಿದ್ದವು ಕೆಲವೇ. ಹೆಚ್ಚಿನವು ವಾರದ ಸಂತೆಗೆ ಮಾತ್ರ ತೆರೆಯುತ್ತಿದ್ದವು ಎಂಬ ಮಾತನ್ನೂ ಬುಕಾನನ್ ಸೇರಿಸುತ್ತಾನೆ.

ನನಗೆ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ವಾರಕ್ಕೊಮ್ಮೆ ತೆರೆಯುವ ಅಂಗಡಿ ಹೇಗಿದ್ದೀತು? ಬೀಗ ಹಾಕಿದ ಕೋಣೆಯಂತೆ ಇದ್ದಿರಲಾರದು. ಒಂದು ಮಾಡು, ಅದರ ಕೆಳಗೊಂದು ಎತ್ತರದ ಕಟ್ಟೆ. ಸಂತೆಯ ದಿನ ಬಟ್ಟೆ ಹಾಸಿದರೆ ಅಂಗಡಿ, ಮಿಕ್ಕ ಆರು ದಿನ ಕೂರುವ ಜಾಗ. ಜಗಲಿಯೇ ಅಂಗಡಿಯ ತಾಯಿ ಎಂದು ನಾನು ನಂಬಿದ್ದೇನೆ. ಜಗಲಿ ಮೊದಲು ಹುಟ್ಟಿತು. ಅದರ ಬೆನ್ನಿಗೆ ಉಗ್ರಾಣ, ಉಗ್ರಾಣದ ಬೆನ್ನಿಗೆ ಮನೆ ಬೆಳೆದವು.

ಗುಬ್ಬಿಗೆ ಕೋಟೆಯೂ ಇತ್ತು. ಹೊಸಹಳ್ಳಿಯ ಪಾಳೆಯಗಾರರು ಕಟ್ಟಿಸಿದರೆಂಬುದು ಪ್ರತೀತಿ. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಂತೆ ಇಲ್ಲೂ ಕೋಟೆ ಒಂದು, ಪೇಟೆ ಒಂದು. ಆಳುವವರು ಕೋಟೆಯಲ್ಲಿ, ಅಳೆಯುವವರು ಪೇಟೆಯಲ್ಲಿ. ಕೋಟೆಗಳ ಕಲ್ಲುಗಳು ಊರೂರಲ್ಲೂ ಮನೆಗಳ ತಳಪಾಯ ಸೇರಿದವು, ಪೇಟೆ ಉಳಿದುಕೊಂಡಿತು. ಪಾಳೆಯಪಟ್ಟು ಹೋದರೂ ರೈತನಿಗೆ ಅಡಿಕೆ ಮಾರಲೇಬೇಕಿತ್ತಲ್ಲ. ಈ ಊರು ವ್ಯಾಪಾರಕ್ಕಷ್ಟೇ ಹೆಸರಾದದ್ದಲ್ಲ ಎನ್ನಲು ಒಂದು ಹೆಸರು ಸಾಕು. 1513ರಲ್ಲಿ ‘ಭಾವಚಿಂತಾರತ್ನ’ ಬರೆದ ಮಲ್ಲಣಾರ್ಯ ಗುಬ್ಬಿಯವನು. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತುಕೊಂಡವರಲ್ಲಿ ಆತ ಒಬ್ಬ. ಇನ್ನೊಬ್ಬರ ವಿಷಯ ಆಮೇಲೆ ಬರುತ್ತದೆ.

ಈಗ ಅಗಲದ ಮಾತು. ಒಂದು ಬೀದಿಯ ಅಗಲ ಎಂಬುದು ಆ ಬೀದಿ ಏನನ್ನು ಹೊತ್ತಿತ್ತು ಎಂಬುದರ ದಾಖಲೆ. ಬುಕಾನನ್ ಬಂದ ಕಾಲದಲ್ಲಿ ಸರಕು ಸಾಗುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಎರಡೂ ಪಕ್ಕೆಗೆ ಗೋಣಿಚೀಲ ಜೋತುಬಿದ್ದ ಎತ್ತುಗಳು ಸಾಲುಸಾಲಾಗಿ ನಡೆಯುತ್ತಿದ್ದವು. ಎದುರುಬದುರು ಬಂದ ಎರಡು ಹೇರೆತ್ತು ಮೈ ಉಜ್ಜದೆ ದಾಟಲು ಹತ್ತು ಹನ್ನೆರಡು ಅಡಿ ಸಾಕು. ಪೇಟೆಯಿಂದ ಕವಲೊಡೆಯುವ ಗಲ್ಲಿಗಳಲ್ಲಿ ಇವತ್ತಿಗೂ ಆ ಅಳತೆ ಸಿಕ್ಕುತ್ತದೆ. ಆಟೋದವರು ಬೈದುಕೊಂಡು ಹಿಂದೆ ಸರಿಯುವ ಗಲ್ಲಿಯಲ್ಲಿ ನಿಂತಾಗ ನನಗೆ ಕೊರಳಗಂಟೆ ಕೇಳಿಸಿದಂತಾಗುತ್ತದೆ.

ಗಾಡಿ ಬಂದದ್ದು ರಸ್ತೆಯ ಜೊತೆಗೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. ರಸ್ತೆ ಆದಂತೆ ಹೇರೆತ್ತಿನ ಕೆಲಸವನ್ನು ಗಾಡಿ ಕಸಿದುಕೊಂಡಿತು. ಗಾಡಿಗೆ ದಾಟಲಷ್ಟೇ ಜಾಗ ಸಾಲದು, ತಿರುಗಲೂ ಬೇಕು. ನೊಗದಿಂದ ಹಿಂಗಾಡಿಯವರೆಗೆ ಹದಿನೆಂಟು ಅಡಿ ಆದರೂ ಇರುವ ಗಾಡಿ ಮಂಡಿಯ ಮುಂದೆ ಹಿಂದುಮುಂದಾಗಿ ನಿಂತು, ಹಿಂಭಾಗ ಜಗಲಿಗೆ ತಾಗಬೇಕು. ಜಗಲಿಯ ಎತ್ತರ ಏಕೆ ಸರಿಯಾಗಿ ಸೊಂಟದ ಮಟ್ಟಕ್ಕಿದೆ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಹಮಾಲಿಯೊಬ್ಬರು ಬಾಯಲ್ಲಿ ಹೇಳಲಿಲ್ಲ, ಮೂಟೆಯನ್ನು ಗಾಡಿಯ ಹಲಗೆಯಿಂದ ಜಗಲಿಗೆ ಜರುಗಿಸಿ ತೋರಿಸಿದರು. ಎತ್ತಿ ಇಳಿಸುವ ಶ್ರಮವೇ ಇಲ್ಲ. ಗಾಡಿಯ ಹಲಗೆಯ ಎತ್ತರವೇ ಜಗಲಿಯ ಎತ್ತರ. ಯಾವ ಎಂಜಿನಿಯರೂ ನಕ್ಷೆ ಬರೆದದ್ದಲ್ಲ. ಬೆನ್ನುನೋವು ಅಳೆದುಕೊಟ್ಟ ಅಳತೆ ಅದು.

ಆಮೇಲೆ ಧಾತು ಈಶ್ವರ ಬರ ಬಂತು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸರಿಸುಮಾರು ಐದನೆಯ ಒಂದು ಪಾಲು ಜನರನ್ನು ಕಳೆದುಕೊಂಡಿತು. ಹಸಿದವರಿಗೆ ಕೂಲಿ ಕೊಡಲೆಂದು ಎತ್ತಿಕೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ತುಮಕೂರು ರೈಲುಹಾದಿಯ ಮಣ್ಣಿನ ಕೆಲಸವೂ ಒಂದು. 1884ರಲ್ಲಿ ತುಮಕೂರಿಗೆ ರೈಲು ಬಂತು. ಹಾದಿ ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾದು 1889ರ ಹೊತ್ತಿಗೆ ಹರಿಹರ ಮುಟ್ಟಿತು. ಗುಬ್ಬಿಯ ಸ್ಟೇಷನ್ನಿನಲ್ಲಿ ಇಳಿಯುವಾಗಲೆಲ್ಲ ತುಮಕೂರಿನವರೆಗಿನ ಹಾದಿಯ ಮಣ್ಣನ್ನು ಹೊಟ್ಟೆಗಿಲ್ಲದವರು ಬುಟ್ಟಿಯಲ್ಲಿ ಹೊತ್ತರು ಎಂಬುದು ನನಗೆ ನೆನಪಾಗುತ್ತದೆ. ಅವರ ಹೆಸರುಗಳನ್ನು ಯಾವ ಕಲ್ಲಿನಲ್ಲೂ ಕೆತ್ತಿಲ್ಲ.

ಈ 1884ನೆಯ ಇಸವಿಯನ್ನು ಗುಬ್ಬಿ ಇನ್ನೊಂದು ಕಾರಣಕ್ಕೂ ಮರೆಯಬಾರದು. ಅದೇ ವರ್ಷ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಕೂಡಿ ಇಲ್ಲಿ ಒಂದು ನಾಟಕ ಮಂಡಳಿ ಕಟ್ಟಿದರು. ಊರ ದೇವರ ಹೆಸರನ್ನೇ ಇಟ್ಟರು: ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ನಾಟಕದ ಚರಿತ್ರೆ ಬರೆಯುವವರು ಇದನ್ನು ರಂಗಭೂಮಿಯ ಅಧ್ಯಾಯದಲ್ಲಿ ಇಡುತ್ತಾರೆ. ನಾನು ಇದನ್ನು ಪೇಟೆಬೀದಿಯ ಅಧ್ಯಾಯದಲ್ಲಿ ಇಡುತ್ತೇನೆ. ಹೇಗೆಂದು ಹೇಳುತ್ತೇನೆ.

ನಾಟಕದ ಕಂಪನಿ ನಡೆಯಲು ಏನೇನು ಬೇಕು? ಸುಗ್ಗಿ ಮುಗಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಇರುವ ಜನ ಬೇಕು. ರಾತ್ರಿ ಊರಲ್ಲೇ ತಂಗುವ ಪರಸ್ಥಳದವರು ಬೇಕು. ಮುಂಗಡ ಕೊಟ್ಟು, ವಸೂಲಿಗೆ ಅವಸರ ಮಾಡದ ಹಣವಂತರು ಬೇಕು. ಬಣ್ಣ, ಜರಿ, ಪರದೆ ಬಟ್ಟೆ, ದೀಪದೆಣ್ಣೆ ಸಾಲ ಕೊಡುವ ಅಂಗಡಿ ಬೇಕು. ಬೇರೆ ಬೇರೆ ಜಾತಿ ಮತದವರು ಒಂದು ಖಾತೆಯಲ್ಲಿ ಪಾಲುದಾರರಾಗಬಹುದೆಂಬ ರೂಢಿ ಬೇಕು. ಇವಿಷ್ಟೂ ಒಟ್ಟಿಗೆ ಸಿಗುವುದು ಪೇಟೆಬೀದಿಯಲ್ಲಿ ಮಾತ್ರ. ಇನ್ನೊಂದು ಮಾತು. ಜಗಲಿಗಿಂತ ಒಳ್ಳೆಯ ರಂಗ ಯಾವುದಿದೆ? ಸೊಂಟದೆತ್ತರದ ಕಟ್ಟೆ, ಮುಂದೆ ಎರಡು ಕಂಬ, ಹಿಂದೆ ಒಂದು ಬಾಗಿಲು, ಕೆಳಗೆ ಬೀದಿಯಲ್ಲಿ ಜನ. ಸಂತೆಯ ದಿನ ಔಷಧಿ ಮಾರುವವನೂ ಗಮಕ ಓದುವವನೂ ಹಗಲುವೇಷದವನೂ ಬಂದು ನಿಲ್ಲುತ್ತಿದ್ದದ್ದು ಅಲ್ಲೇ.

1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು ಹಾಲುಹಲ್ಲಿನ ವಯಸ್ಸಿನಲ್ಲೇ ಈ ಮಂಡಳಿ ಸೇರಿ, ಆಮೇಲೆ ಅದರ ಯಜಮಾನರಾದರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬಂದದ್ದನ್ನು ನಮ್ಮ ತಾತನ ತಲೆಮಾರು ಸಾಯುವವರೆಗೂ ಹೇಳಿಕೊಂಡಿತು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ಕಾರಂತರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ತಮ್ಮ ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ ಎಂಬ ಹೆಸರಿಟ್ಟರು. ಕಾಯಕ ಎಂಬ ಮಾತು ಶರಣರದು, ಹೌದು. ಆದರೆ ಲೆಕ್ಕ ಬರೆದು, ಜನರಿಗೆ ಸಂಬಳ ಕೊಟ್ಟು, ನೂರಾರು ಮಂದಿಯ ಸಂಸಾರವನ್ನು ಊರಿಂದೂರಿಗೆ ರೈಲಿನಲ್ಲಿ ಸಾಗಿಸಿದವರ ಬಾಯಲ್ಲಿ ಅದಕ್ಕೆ ಪೇಟೆಯ ಅರ್ಥವೂ ಇದೆ. ನಾಡಿಗೆಲ್ಲ ಗುಬ್ಬಿ ಎಂದರೆ ನಾಟಕ ಅನ್ನಿಸಿದ್ದು ಹೀಗೆ. ಹಾಗೆ ಅನ್ನಿಸಲು ಹಿಂದೆ ಅಡಿಕೆ, ಕೊಬ್ಬರಿ, ರಾಗಿಯ ದುಡ್ಡು ಓಡಾಡಿದ ಒಂದು ಬೀದಿ ಇತ್ತು ಎಂಬುದನ್ನು ನಾವು ಸೇರಿಸಿಕೊಂಡು ಹೇಳಬೇಕು.

ಅಡಿಕೆ ಕೊಬ್ಬರಿ ಎಂದೆ. ಈ ಎರಡು ಸರಕಿನ ಗುಣವೇ ಬೀದಿಯ ಮನೆಗಳನ್ನು ರೂಪಿಸಿದ್ದು. ಕೊಬ್ಬರಿ ಆತುರದ ಮಾಲಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಒಟ್ಟಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಗಟಗಟ ಅನ್ನಲು ಹತ್ತು ಹನ್ನೆರಡು ತಿಂಗಳು ಬೇಕು. ಆಮೇಲೆ ಸುಲಿದು, ಒಳಗಿನ ಉಂಡೆ ಒಡೆಯದಂತೆ ಚಿಪ್ಪು ಬಿಡಿಸಬೇಕು. ಈ ಉಂಡೆ ಕೊಬ್ಬರಿ ಉತ್ತರದ ರಾಜ್ಯಗಳಿಗೆ ಹಬ್ಬಕ್ಕೆ, ಮದುವೆಗೆ ಹೋಗುತ್ತದೆ. ಹೀಗೆ ವರ್ಷವಿಡೀ ಗಾಳಿ ಆಡುವ, ಆದರೆ ಮಳೆ ಸೋಕದ ಅಟ್ಟ ಬೇಕಾಯಿತು. ಹಳೆಯ ಮನೆಗಳ ಎತ್ತರದ ಮಾಡು, ಮಾಡಿನ ಕೆಳಗಿನ ಕಿಂಡಿಗಳು ಇದಕ್ಕಾಗಿ. ಮೊದಲು ನಾಡಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ, ರೈಲು ರಸ್ತೆಗಳು ತಂದಷ್ಟು ದೂರಕ್ಕೂ ಮಂಗಳೂರು ಹೆಂಚು ಹಬ್ಬಿತು. ಅಡಿಕೆಯ ದಾರಿ ಬೇರೆ. ತೋಟದಲ್ಲಿ ಚೇಣಿದಾರರು ಫಸಲು ಹಿಡಿದು, ಸುಲಿಸಿ, ಬೇಯಿಸಿ, ಚೊಗರು ಕೊಟ್ಟು ಒಣಗಿಸಿ ತರುತ್ತಾರೆ. ಅದಕ್ಕೆ ಮಂಡಿಯಲ್ಲಿ ಬೇಕಾದದ್ದು ಬೆಳಕು. ಜಗಲಿಯ ಬೆಳಕಿನಲ್ಲಿ ಅಂಗೈಯಲ್ಲಿ ನಾಲ್ಕು ಅಡಿಕೆ ಹಿಡಿದು, ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡಿ ದರ ಹೇಳುತ್ತಿದ್ದರು.

ಈ ತೋಟಗಳಿಗೆ ನೀರು ಕೊಟ್ಟ ಕೆರೆಗಳನ್ನೂ ಈ ಬೀದಿಯ ಆಸ್ತಿ ಎಂದೇ ಎಣಿಸಬೇಕು. ಶಿಂಷಾ ಹೊಳೆ ತುಂಬಿಸುವ ಕಡಬದ ಕೆರೆ ಬತ್ತಿದ ವರ್ಷ ಮಂಡಿಯ ಜಗಲಿಯ ಮೇಲೆ ಮಾತು ಕಡಿಮೆಯಾಗುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಜಗಲಿಯ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನಾನು ಸುಳ್ಳು ಹೇಳಿದಂತೆ. ನಮ್ಮ ಅಪ್ಪ ಕೇಳದೆ ಹತ್ತಿ ಮಲಗಿದ ಜಗಲಿಯನ್ನು ಹತ್ತಲಾಗದ ರೈತರಿದ್ದರು. ನಮ್ಮ ಹಳ್ಳಿಯಿಂದಲೇ ಗಾಡಿಯ ಹಿಂದೆ ನಡೆದು ಬಂದವರು ಆ ರಾತ್ರಿ ಗಾಡಿಯ ಕೆಳಗೆ ಮಲಗಿದರು. ಬೆಳಿಗ್ಗೆ ಚೊಂಬಿನ ನೀರು ಅವರಿಗೆ ಮೇಲಿನಿಂದ ಬೊಗಸೆಗೆ ಬಿತ್ತು. ಎಂಟು ವರ್ಷದವನಿಗೆ ಅದು ವಿಚಿತ್ರ ಅನ್ನಿಸಲಿಲ್ಲ, ಯಾವಾಗಲೂ ಹಾಗೇ ನೋಡಿದ್ದೆನಲ್ಲ. ಇವತ್ತು ನೆನೆದಾಗ ನನಗೆ ನಾಚಿಕೆಯಾಗುತ್ತದೆ. ಪರಂಪರೆಯ ಪುಸ್ತಕ ಬರೆಯುವವರು ಕಂಬದ ಕೆತ್ತನೆಯ ಚಿತ್ರ ಹಾಕುವಾಗ ಈ ಎರಡೂವರೆ ಅಡಿ ಎತ್ತರ ಯಾರಿಗೆ ಮೆಟ್ಟಿಲಾಗಿತ್ತು, ಯಾರಿಗೆ ಗೋಡೆಯಾಗಿತ್ತು ಎಂಬುದನ್ನೂ ಬರೆಯಬೇಕು. ಅದು ಯಾರಿಗೆ ಗೋಡೆಯಾಗಿತ್ತೋ ಅವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿ ಇದ್ದಾರೆ. ಅವರ ಮನೆಯ ಹಿರಿಯರಿಂದ ಆ ಬೀದಿಯ ಕಥೆಯನ್ನು ಮೊದಲು ಕೇಳಿ ಬರೆದುಕೊಳ್ಳಬೇಕು ಎಂಬುದು ನನ್ನ ಬೇಡಿಕೆ.

ದುಡ್ಡಿನ ವಿಷಯವೂ ಹಾಗೆಯೇ. ಮುಂಗಡ ಕೊಟ್ಟ ಸಾಹುಕಾರ ಕಷ್ಟಕ್ಕೆ ಆದವನೂ ಹೌದು, ಬೆಳೆಯನ್ನು ತಾನು ಹೇಳಿದ ದರಕ್ಕೆ ಕಟ್ಟಿಹಾಕಿದವನೂ ಹೌದು. ಸೂಟು ಎಂದು ಸ್ವಲ್ಪ, ಮಾದರಿ ಎಂದು ಒಂದು ಹಿಡಿ, ಧರ್ಮಾದಾಯ ಎಂದು ಇನ್ನೊಂದಿಷ್ಟು ಮುರಿದುಕೊಂಡು, ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ ಓದಲು ಬಾರದ ಅಪ್ಪ ಅದನ್ನು ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ದೇಶದಲ್ಲಿ 1956ರ ಕಾಯ್ದೆಯಿಂದ ಮೆಟ್ರಿಕ್ ತೂಕ ಬಂತು. ಸೇರು, ಮಣ ಕಾಗದದಿಂದ ಹೋದವು, ಬಾಯಿಂದ ಹೋಗಲು ಇನ್ನೂ ಒಂದು ತಲೆಮಾರು ಬೇಕಾಯಿತು. ಕೃಷಿ ಉತ್ಪನ್ನ ಮಾರುಕಟ್ಟೆಯ ನಮ್ಮ ರಾಜ್ಯದ ಕಾಯ್ದೆ 1966ರದ್ದು. ಅದರ ಪ್ರಕಾರ ಬಹಿರಂಗ ಹರಾಜು, ಪರೀಕ್ಷಿಸಿದ ತೂಕ, ರಸೀದಿ ಇವೆಲ್ಲ ಪ್ರಾಂಗಣದೊಳಗೆ ನಡೆಯಬೇಕೆಂದಾಯಿತು. ಬೀದಿಯಿಂದ ಅಡಿಕೆಯ ವ್ಯಾಪಾರ ಮೆಲ್ಲಮೆಲ್ಲನೆ ಎದ್ದುಹೋದದ್ದು ಹೀಗೆ. ಅದು ಎದ್ದುಹೋದದ್ದು ರೈತನಿಗೆ ಒಳ್ಳೆಯದೇ ಆಯಿತು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಬೀದಿಯನ್ನು ಉಳಿಸಬೇಕೆನ್ನುವವರು ಹಳೆಯ ಮಂಡಿಯ ಲೆಕ್ಕವನ್ನೂ ಉಳಿಸಬೇಕೆಂದು ಹೇಳುತ್ತಿಲ್ಲ.

ಹಾಗಾದರೆ ಮಂಡಿ ಹೋದ ಮೇಲೆ ಜಗಲಿಗೆ ಏನು ಕೆಲಸ? ಕೆಲಸ ಕಡಿಮೆಯಾಯಿತು, ನಿಜ. ಹೆದ್ದಾರಿಯ ಭಾರ ಹೆಚ್ಚಾಯಿತು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ, ನಾವೆಲ್ಲ ಬಿ.ಎಚ್. ರೋಡು ಅನ್ನುವುದು, ಊರೊಳಗೇ ಹಾಯ್ದದ್ದರಿಂದ ಎಂಟಡಿ ಅಗಲದ ಲಾರಿಗಳು ಜಗಲಿಯ ಅಂಚಿಗೇ ಬಂದು ನಿಂತವು. ಇಂಥ ಊರುಗಳಲ್ಲೆಲ್ಲ ನಡೆದದ್ದು ಒಂದೇ ಕಥೆ. ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೆ. ಮನೆಯ ಮುಂದಿನ ಆರು ಅಡಿಯೋ ಹತ್ತು ಅಡಿಯೋ ಹೋಗುತ್ತದೆ. ಉಳಿದ ಮನೆಗೆ ಮುಖವೇ ಇರುವುದಿಲ್ಲ, ಎದೆಯ ಒಳಗಿನ ತೊಟ್ಟಿ ಬೀದಿಗೆ ಕಾಣುತ್ತದೆ. ಹಳೆಯ ಮರದ ಕಂಬಗಳನ್ನು ತೂಕಕ್ಕೆ ಕೊಳ್ಳುವವರು ಮಾರನೆಯ ದಿನವೇ ಬರುತ್ತಾರೆ. ನಗರಗಳ ರೆಸಾರ್ಟುಗಳಲ್ಲಿ, ದೊಡ್ಡ ಬಂಗಲೆಗಳಲ್ಲಿ ಅವು ನೆಲೆ ಕಾಣುತ್ತವೆ. ನನ್ನ ಬೆನ್ನು ಒರಗಿದ್ದ ಕಂಬ ಈಗ ಯಾವ ಊರಲ್ಲಿದೆಯೋ.

ಸ್ಮಾರಕಗಳಿಗೆ ನಮ್ಮಲ್ಲಿ 1961ರ ಕಾಯ್ದೆ ಇದೆ. ಅದು ಗುಡಿಗೆ, ಕೋಟೆಗೆ, ಶಾಸನದ ಕಲ್ಲಿಗೆ ಆಸರೆ. ಜನ ವಾಸವಾಗಿರುವ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ, ಬ್ಯಾಂಕಿಗೆ ಅಡವಿಡುವ ಅಂಗಡಿಮನೆಯ ಸಾಲಿಗೆ ಅದು ಒದಗುವುದಿಲ್ಲ. ಒದಗಬೇಕೆಂದೂ ನಾನು ಕೇಳುವುದಿಲ್ಲ. ಮನೆಯ ಯಜಮಾನರಿಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕೆಂದಾದರೆ ಅವರು ಅದನ್ನು ರಾತ್ರೋರಾತ್ರಿ ಕೆಡವುತ್ತಾರೆ. ಅವರ ತಪ್ಪೂ ಅಲ್ಲ. ಮಳೆಗಾಲಕ್ಕೆ ಹೆಂಚು ಕೈಯಾಡಿಸುವವರು ಸಿಗುವುದಿಲ್ಲ, ಇಲಿ ಹೆಗ್ಗಣಗಳ ಕಾಟ, ಮಕ್ಕಳು ಬೆಂಗಳೂರಿನಲ್ಲಿ. ಇವರನ್ನು ಪರಂಪರೆಯ ಹೆಸರಿನಲ್ಲಿ ಬೈಯುವ ಹಕ್ಕು ಹೊರಗಿನ ನನಗಿಲ್ಲ.

ಆದರೆ ಉಳಿಸಿಕೊಳ್ಳಬೇಕೆಂಬ ಮನಸ್ಸಿದ್ದವರಿಗೆ ಕೈಗೆಟುಕುವ ಕೆಲವು ವಿಷಯ ಹೇಳಲೇಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಬೇಡಿ. ಮಣ್ಣು ಉಸಿರಾಡುವ ಗೋಡೆ, ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತಿರುತ್ತದೆ. ಸಿಮೆಂಟಿನ ಚಿಪ್ಪು ಆ ತೇವವನ್ನು ಒಳಗೇ ಹಿಡಿದಿಟ್ಟು, ಹತ್ತು ಮಳೆಗಾಲದಲ್ಲಿ ಗೋಡೆಯ ಬುಡ ಕರಗುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತ ಸಾಕು. ಬೀದಿಗೆ ಕಾಂಕ್ರೀಟು ಹಾಕುವಾಗಲೆಲ್ಲ ಹಳೆಯದರ ಮೇಲೆಯೇ ಹೊಸದನ್ನು ಹಾಕಿ ರಸ್ತೆಯನ್ನು ಎತ್ತರಿಸುತ್ತಾರೆ. ಎತ್ತರಿಸಿದಷ್ಟೂ ಜಗಲಿ ಕುಳ್ಳಾಗುತ್ತದೆ, ಚರಂಡಿಯ ನೀರು ಹೊಸ್ತಿಲಿಗೆ ಬರುತ್ತದೆ. ಸೊಂಟದೆತ್ತರ ಇದ್ದದ್ದು ಈಗ ಕೆಲವು ಕಡೆ ಮೊಣಕಾಲ ಕೆಳಗಿದೆ. ಹಳೆಯ ಪದರವನ್ನು ಕೆತ್ತಿ ತೆಗೆದು ಹೊಸದು ಹಾಕಿ ಎಂದು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಲು ಯಾವ ಪರಂಪರೆಯ ಕಾಯ್ದೆಯೂ ಬೇಕಿಲ್ಲ.

ಹಲಗೆ ಬಾಗಿಲುಗಳ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನಗೆ ಅವುಗಳ ಮೇಲೆ ಪ್ರೀತಿ. ಷಟರು ಬರುವ ಮೊದಲು ಅಂಗಡಿಯ ಬಾಯಿಯನ್ನು ಉದ್ದನೆಯ ಹಲಗೆಗಳಿಂದ ಮುಚ್ಚುತ್ತಿದ್ದರು. ಮೇಲೊಂದು ಕೆಳಗೊಂದು ಜಾಡು ಕೊರೆದ ತೊಲೆ. ಹಲಗೆಗಳನ್ನು ಒಂದರ ಪಕ್ಕ ಒಂದು ತಳ್ಳಿ, ಕೊನೆಯದಕ್ಕೆ ಅಡ್ಡಪಟ್ಟಿ ಹಾಕಿ ಬೀಗ. ಪ್ರತಿ ಹಲಗೆಗೂ ಅದರದೇ ಜಾಗ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅದಕ್ಕೆ ಹಿಂಬದಿಯಲ್ಲಿ ಅಂಕಿ ಕೆತ್ತಿರುತ್ತಾರೆ. ಓದುಬರಹ ಬಾರದ ಅಂಗಡಿ ಹುಡುಗರು ಒಂದರಿಂದ ಹದಿನಾರರವರೆಗೆ ಎಣಿಕೆ ಕಲಿತದ್ದು ಈ ಹಲಗೆಗಳ ಮೇಲೆ. ಹೋದ ವರ್ಷ ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ನನಗೆ ತೋರಿಸಿದರು. ಅಂಗಡಿಗೆ ಷಟರು ಬಂದಿದೆ, ಹಲಗೆಗಳು ಅಟ್ಟದ ಮೇಲಿವೆ. ‘ಒಂಬತ್ತನೇದು ಇಲ್ಲ ಸ್ವಾಮಿ’ ಅಂದರು. ‘ನಮ್ಮಮ್ಮ ತೀರ್ಕೊಂಡಾಗ ಮಳೆಗಾಲ, ಚಟ್ಟಕ್ಕೆ ಬಿದಿರು ಸಿಗ್ಲಿಲ್ಲ. ಅದನ್ನೇ ಕೊಟ್ವಿ.’ ಆ ಖಾಲಿ ಜಾಗಕ್ಕೆ ಅವರು ಬೇರೆ ಹಲಗೆ ಮಾಡಿಸಿರಲಿಲ್ಲ. ಷಟರು ಬರುವವರೆಗೆ ಹದಿನಾಲ್ಕು ವರ್ಷ ಅಲ್ಲೊಂದು ಗೋಣಿಪಟ್ಟೆ ಕಟ್ಟಿ ಅಂಗಡಿ ಮುಚ್ಚುತ್ತಿದ್ದರಂತೆ.

ಇಂಥದ್ದನ್ನು ಯಾವ ಇಲಾಖೆಯ ನಮೂನೆಯಲ್ಲಿ ಬರೆಯುವುದು? ಆದರೂ ಬರೆಯಬೇಕು. ಹೇಗೆ ಎಂಬುದಕ್ಕೆ ಬರುತ್ತೇನೆ, ಅದಕ್ಕೆ ಮೊದಲು ರಸ್ತೆಯ ಮಾತು.

ಹೊಸ ನಾಲ್ಕು ಪಥದ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಇದು ಗುಬ್ಬಿಗೆ ಒಂದೂವರೆ ಶತಮಾನದಲ್ಲಿ ಸಿಗದ ಅವಕಾಶ. ಹೇರೆತ್ತು, ಗಾಡಿ, ಬಸ್ಸು, ಲಾರಿ ಎಂದು ಪ್ರತಿಯೊಂದು ಕಾಲವೂ ಈ ಬೀದಿಯನ್ನು ‘ಇನ್ನಷ್ಟು ಅಗ್ಲಾಗು’ ಎಂದು ನೂಕಿದೆ. ದೂರದ ಲಾರಿಗಳು ಹೊರಗೆ ಹೋದ ಮೇಲೆ ಊರೊಳಗಿನ ರಸ್ತೆಗೆ ಎಷ್ಟು ಅಗಲ ಬೇಕು ಎಂಬುದನ್ನು ಊರಿನವರೇ ಕುಳಿತು ಹೊಸದಾಗಿ ಲೆಕ್ಕ ಹಾಕಬೇಕು. ಶಾಲೆಯ ಮಕ್ಕಳು ನಡೆಯಲು ಎಷ್ಟು, ಸಂತೆಗೆ ಬಂದ ಅಜ್ಜಿ ಬುಟ್ಟಿ ಇಡಲು ಎಷ್ಟು, ಚನ್ನಬಸವೇಶ್ವರನ ತೇರು ಎಳೆಯುವ ದಿನ ಜನ ನಿಲ್ಲಲು ಎಷ್ಟು, ಬಸ್ಸು ತಿರುಗಲು ಎಷ್ಟು. ಲಾರಿಗೆಂದು ಬರೆದ ಹಳೆಯ ಗುರುತಿನ ಪ್ರಕಾರ ಇನ್ನೂ ಗೋಡೆ ಕೆಡವುವುದಾದರೆ ಅದಕ್ಕೆ ಕಾರಣ ಹೇಳಬೇಕಾದವರು ಹೇಳಲಿ.

ಈ ಲೆಕ್ಕ ಹಾಕಲು ಕೈಯಲ್ಲಿ ಒಂದು ಪುಸ್ತಕ ಬೇಕು. 1800ರಲ್ಲಿ ಪರದೇಶದವನೊಬ್ಬ ಬಂದು ಈ ಊರಿನ ಮನೆ, ಅಂಗಡಿ ಎಣಿಸಿಟ್ಟ. 225 ವರ್ಷ ದಾಟಿದರೂ ನಾವು ನಮ್ಮ ಬೀದಿಯನ್ನು ಅಷ್ಟು ಅಚ್ಚುಕಟ್ಟಾಗಿ ಎಣಿಸಿಕೊಂಡಿಲ್ಲ. ನನ್ನ ಯೋಚನೆ ಇಷ್ಟು. ಪ್ರತಿ ಅಂಗಡಿಮನೆಗೆ ಒಂದು ಪುಟ. ಜಗಲಿಯ ಉದ್ದ, ಆಳ, ರಸ್ತೆಯಿಂದ ಎತ್ತರ. ಕಂಬ ಎಷ್ಟು, ಯಾವ ಮರ. ಮಾಡು ಹೆಂಚೋ, ಮದ್ರಾಸ್ ತಾರಸಿಯೋ, ಶೀಟೋ. ಎತ್ತು ಕಟ್ಟುವ ಕಬ್ಬಿಣದ ಬಳೆ ಉಳಿದಿದೆಯೇ. ಯಾವ ವ್ಯಾಪಾರ ಇತ್ತು, ಈಗ ಯಾವುದು. ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೂರುವಂತಿರಲಿಲ್ಲ. ಹಲಗೆ ಎಷ್ಟು, ಯಾವುದು ಇಲ್ಲ, ಏಕೆ ಇಲ್ಲ. ಇದಕ್ಕೆ ಪರಿಣತರು ಬೇಕಿಲ್ಲ. ಪ್ರೌಢಶಾಲೆಯ ಮಕ್ಕಳು, ಒಂದು ಅಳತೆಯ ಟೇಪು, ಕೇಳುವ ತಾಳ್ಮೆ ಇದ್ದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ. ದತ್ತಿ ಇಟ್ಟವರು ಇವತ್ತಿನ ಸಂಭಾವನೆಯ ಲಕೋಟೆಯನ್ನು ನನಗೆ ಆಗಲೇ ಕೊಟ್ಟಿದ್ದಾರೆ. ಅದರಲ್ಲಿ ನೂರು ಅಡಿಯ ಎರಡು ಟೇಪು, ಹತ್ತು ದಪ್ಪ ನೋಟುಬುಕ್ಕು ಬರುತ್ತವೆ ಎಂದು ಅಂಗಡಿಯಲ್ಲಿ ವಿಚಾರಿಸಿಕೊಂಡೇ ಬಂದಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಏರುವ ಮೊದಲು, ನಾನು ಸ್ಟೇಷನ್ ಕಡೆಯ ತುದಿಯಲ್ಲಿ ಇರುತ್ತೇನೆ. ಅಲ್ಲಿಂದ ಪೇಟೆಯ ಕಡೆಗೆ ಅಳೆದುಕೊಂಡು ಬರೋಣ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬನ್ನಿ.